ಗ್ರಾಫಿಕ್ಸ್ ಕಾರ್ಡ್ ಯಾಕೆ ಸುಮ್ಮನಿದೆ

ನವೆಂಬರ್ 6, ಗುರುವಾರ. ಬೆಳಿಗ್ಗೆ

ಎಡಿಟ್ ಮಾಡಿದ ವೀಡಿಯೊವನ್ನು ಒಂದೇ ಫೈಲಾಗಿಸಲು ಮತ್ತೆ ಎಕ್ಸ್‌ಪೋರ್ಟ್‌ಗೆ ಕೊಟ್ಟೆ. ಹನ್ನೊಂದು ಗಂಟೆ ಬೇಕು ಅನ್ನುತ್ತಿದೆ. ಬಟ್ಟೆ ಒಣಹಾಕಿ ಬಂದು ನೋಡಿದರೆ ಹದಿಮೂರು. ಹೊತ್ತು ಕಳೆದಷ್ಟೂ ಕೆಲಸ ಬೆಳೆಯುತ್ತಿದೆ.

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಇನ್ನೂ ವಾರವಾಗಿಲ್ಲ. ಎಡಿಟ್ ಮಾಡುವಾಗ ಚಿತ್ರ ಅಲ್ಲಲ್ಲಿ ತಡವರಿಸುತ್ತಿತ್ತು, ಹಳೆಯ ಕಾರ್ಡಿನ ಕೈಲಾಗುತ್ತಿಲ್ಲ ಅಂದುಕೊಂಡು ತಂದದ್ದು. ಈಗ ಪರದೆಯ ಮೂಲೆಯಲ್ಲಿ ಅದರ ಬಳಕೆ ನೋಡುತ್ತ ಕೂತಿದ್ದೇನೆ. ಶೇಕಡ ನಾಲ್ಕು. ಮೂರು. ಮತ್ತೆ ನಾಲ್ಕು. ಫ್ಯಾನ್ ಕೂಡ ತಿರುಗುತ್ತಿಲ್ಲ.

ಪಕ್ಕದ ಕೋಣೆಯಲ್ಲಿ ಅಮ್ಮ ಗಂಜಿ ಕುಡಿದು ಕೆಮ್ಮುತ್ತಿದ್ದಾಳೆ. ಹದಿನೆಂಟಕ್ಕೆ ಆಪರೇಷನ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕಂತೆ. ಡಾಕ್ಟರು ಹೇಳಿದ ದಿನ ಅಮ್ಮ ಅಳಲಿಲ್ಲ. "ಪೂರ್ತಿನಾ? ಸ್ವಲ್ಪ ಉಳ್ಸೋಕಾಗಲ್ವಾ? ಬೈಯೋಕಾದ್ರೂ?" ಅಂದಳು. ಅವರು ನಗಲೋ ಬೇಡವೋ ಅಂತ ನನ್ನ ಮುಖ ನೋಡಿದರು.

ನಮ್ಮ ಯಿಲಾನ್ ಊರಿನ ಸುತ್ತಮುತ್ತಲಿನ ಗುಡಿಯಂಗಳಗಳ ಹಾಡುನಾಟಕಗಳಲ್ಲಿ ಜೀವನವಿಡೀ ರಾಜಕುಮಾರನಾಗಿ, ಸೇನಾಪತಿಯಾಗಿ ಹಾಡಿದವಳು ಅಮ್ಮ. ಗಂಡುವೇಷದಲ್ಲಿ ಅವಳನ್ನು ನೋಡಿ ಎಷ್ಟೋ ಹೆಂಗಸರು ಮನಸ್ಸು ಕೊಟ್ಟಿದ್ದರಂತೆ. ಆಗಸ್ಟ್‌ನಲ್ಲಿ ಮಾಡಿದ್ದೇ ಕೊನೆಯ ನಾಟಕ. ಧ್ವನಿ ಆಗಲೇ ಒರಟಾಗಿತ್ತು. ನೆಗಡಿ ಅಂದುಕೊಂಡಿದ್ದೆವು. ಪೂರ್ತಿ ನಾಟಕ ಚಿತ್ರೀಕರಿಸಿದ್ದೆ — ಮದುವೆ ವೀಡಿಯೊ ಮಾಡುವವಳಿಗೆ ಅಮ್ಮನದೊಂದು ಇರಲಿ ಅನ್ನಿಸಿತ್ತು, ಅಷ್ಟೆ. ಈಗ ಅದನ್ನೇ ಹದಿನೈದರ ಶನಿವಾರ ಬೀದಿಯ ಸಭಾಭವನದಲ್ಲಿ ತೋರಿಸಬೇಕು. ಅಮ್ಮನ ಹಟ. "ಬಾಯಿ ಇರೋವಾಗ್ಲೇ ನೋಡ್ಬೇಕು. ಆಮೇಲೆ ತಪ್ಪು ಕಂಡ್ರೆ ಯಾರ ಹತ್ರ ಹೇಳ್ಲಿ?"

ಶೇಕಡ ಮೂರು.

ನವೆಂಬರ್ 7, ಶುಕ್ರವಾರ

ನಿನ್ನೆಯದು ಅರ್ಧಕ್ಕೆ ನಿಂತಿತು. 'ಕಾರಣ ತಿಳಿಯದ ದೋಷ.' ಅದಕ್ಕೇ ತಿಳಿಯದಿದ್ದರೆ ನನಗೆ ಹೇಗೆ ತಿಳಿಯಬೇಕು?

ಇವತ್ತು ಮಾಡಿದ್ದು: ಎಕ್ಸ್‌ಪೋರ್ಟ್ ಕೆಲಸ ಕಾರ್ಡಿಗೆ ಒಪ್ಪಿಸುವ ಆಯ್ಕೆ ಆನ್ ಇದೆಯೇ ನೋಡಿದೆ — ಇದೆ. ಕಾರ್ಡು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಹೊಸದು ಹಾಕಿದೆ. ಸರಿಹೋಗದೆ ಅದನ್ನು ತೆಗೆದು ಹಳೆಯದು ಹಾಕಿದೆ. ಆನ್‌ಲೈನ್ ಗುಂಪಿನಲ್ಲಿ ಒಬ್ಬ, "ನೀನು ತಪ್ಪು ಗ್ರಾಫ್ ನೋಡ್ತಿದ್ದೀಯ, ವೀಡಿಯೊ ಎನ್‌ಕೋಡ್ ಅನ್ನೋದು ಬೇರೆ ಇರುತ್ತೆ, ಅದನ್ನ ತೆಗೆದು ನೋಡು" ಅಂದ. ಆಸೆ ಹುಟ್ಟಿತು. ತೆಗೆದು ನೋಡಿದೆ. ಆಗೊಮ್ಮೆ ಈಗೊಮ್ಮೆ ಸಣ್ಣ ಗುಡ್ಡ, ಮತ್ತೆ ಉದ್ದಕ್ಕೂ ಬಯಲು.

ಅಂದರೆ ನಿಜವಾಗಿಯೂ ಸುಮ್ಮನಿದೆ.

ಮತ್ತೆ ಕೊಟ್ಟೆ. ಮತ್ತೆ ನಿಂತಿತು. ಮತ್ತೆ ಕೊಟ್ಟೆ.

ಊಟ ಸೇರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ಆಪರೇಷನ್ ನಿಂಗಾ ನಂಗಾ? ಮುಖ ನೋಡ್ಕೋ ಕನ್ನಡೀಲಿ" ಅಂದಳು. ಪಿಸುಮಾತಿಗಿಂತ ತುಸು ಮೇಲಿನ ಧ್ವನಿ. ಮಧ್ಯೆ ಮಧ್ಯೆ ಗಾಳಿ ಸೋರುತ್ತದೆ.

ನವೆಂಬರ್ 8, ಶನಿವಾರ. ಮಧ್ಯಾಹ್ನ

ಕುವಾನ್-ಟಿಂಗ್ ಬಂದಿದ್ದ. ಶಾಲೆಯ ದಿನಗಳಿಂದಲೂ ಗೆಳೆಯ, ಸ್ಟೇಷನ್ ಹತ್ತಿರ ಕಂಪ್ಯೂಟರ್ ಅಂಗಡಿ. ಆಗಸ್ಟ್‌ನಲ್ಲಿ ಹಿಂದಿನ ಬೆಂಚಿನಿಂದ ಎರಡನೇ ಕ್ಯಾಮೆರಾ ಹಿಡಿದವನೂ ಅವನೇ.

ಬಂದವನು ಮೊದಲು ನೋಡಿದ್ದು, ಯಂತ್ರ ಕೆಡದಿರಲಿ ಅಂತ ಇಲ್ಲಿ ಎಲ್ಲರೂ ಇಡುವ ಹಾಗೆ ನಾನೂ ಕಂಪ್ಯೂಟರ್ ಪೆಟ್ಟಿಗೆ ಮೇಲಿಟ್ಟಿದ್ದ ಹಸಿರು ತಿಂಡಿ ಪೊಟ್ಟಣ.

"ಇದರ ಡೇಟ್ ಮುಗ್ದಿದೆ ಕಣೇ! ಹಳಸಿದ ತಿಂಡಿ ಇಟ್ರೆ ಯಂತ್ರ ಹೇಗೆ ಮಾತು ಕೇಳುತ್ತೆ?"

"ತಮಾಷೆ ಬೇಡ."

"ತಮಾಷೆ ಯಾರು ಮಾಡಿದ್ರು? ಬ್ಯಾಂಕಿನವರೂ ಸರ್ವರ್ ಮೇಲೆ ಹೊಸದೇ ಇಡ್ತಾರೆ."

ಪೆಟ್ಟಿಗೆ ಬಿಚ್ಚಿದ. ಕಾರ್ಡು ಸರಿಯಾಗಿ ಕೂತಿದೆ. ಕರೆಂಟಿನ ವಯರು ಸರಿಯಿದೆ. ಮಾನಿಟರಿನ ಕೇಬಲ್ ಕಾರ್ಡಿಗೇ ಸೇರಿದೆ. ವಿದ್ಯುತ್ ಉಳಿಸುವ ಮೋಡ್ ಇತ್ತು, ತೆಗೆದ. ಆಮೇಲೆ ನನ್ನ ಎಡಿಟ್ ನೋಡಿ ಲೊಚಗುಟ್ಟಿದ. "ಕತ್ತಲೆ ದೃಶ್ಯಗಳಿಗೆಲ್ಲ ಚಿತ್ರದ ಮೇಲಿನ ಕಾಳು ಕಾಳು ತೆಗೆಯೋ ಎಫೆಕ್ಟ್ ಹಾಕಿದ್ದೀಯ. ಇದು ಕಾರ್ಡಿಗೆ ಕೆಲ್ಸ ಕೊಡಲ್ಲ, ಪೂರ್ತಿ ಪ್ರಾಸೆಸರ್ ತಲೆ ಮೇಲೆ. ಅದು ಒದ್ದಾಡ್ತಿದೆ, ಇದು ಟೀ ಕುಡೀತಾ ಕೂತಿದೆ. ಇದೇ ರೋಗ. ಬರೆದಿಟ್ಕೋ."

ಎಲ್ಲ ತೆಗೆದೆವು. ಕೊಟ್ಟೆವು. ಶೇಕಡ ಆರು.

ಅವನು ತಲೆ ಕೆರೆದುಕೊಳ್ಳುತ್ತಿರುವಾಗ ಅಮ್ಮ ಬಂದಳು.

"ಏನಪ್ಪ ಡಾಕ್ಟ್ರೇ, ರೋಗಿ ಹೇಗಿದೆ?"

"ಆಂಟಿ, ಇನ್ನೊಂದೆರಡು ಟೆಸ್ಟ್ ಮಾಡ್ಬೇಕು."

"ನನ್ನ ಡಾಕ್ಟ್ರೂ ಹಿಂಗೇ ಶುರು ಮಾಡಿದ್ದು" ಅಂದು ಪೇರಳೆ ಹಣ್ಣಿನ ತಟ್ಟೆ ಇಟ್ಟು ಹೋದಳು.

ಅವನು ಬಿಚ್ಚಿಟ್ಟಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿಯತೊಡಗಿದ, ನಾನು ಪೆಟ್ಟಿಗೆ ಹಿಡಿದುಕೊಂಡೆ.

ನವೆಂಬರ್ 10, ಸೋಮವಾರ. ಸಂಜೆ

ಕಂಡುಹಿಡಿದೆ. ಕಂಡುಹಿಡಿಯದಿದ್ದರೇ ಚೆನ್ನಾಗಿತ್ತು.

ಬೆಳಿಗ್ಗೆ ಬೇಸತ್ತು, ಮೊದಲಿನ ಹೆಸರುಗಳ ತುಣುಕನ್ನಷ್ಟೇ ಎಕ್ಸ್‌ಪೋರ್ಟ್‌ಗೆ ಕೊಟ್ಟೆ. ಕಪ್ಪು ಪರದೆ, ಬಿಳಿ ಅಕ್ಷರ, ಅದಾದ ಮೇಲೆ ನಾನೇ ಕಂಪ್ಯೂಟರಿನೊಳಗೆ ಇಟ್ಟುಕೊಂಡಿದ್ದ ಸಮುದ್ರದ ಚಿತ್ರ. ಕಾರ್ಡು ಎದ್ದು ನಿಂತಿತು. ಶೇಕಡ ಎಪ್ಪತ್ತು, ಎಂಬತ್ತು. ಫ್ಯಾನ್ ಗುಂಯ್ ಅಂತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಲಸ ಮುಗಿಯಿತು. ಕಾರ್ಡಿಗೆ ಏನೂ ಆಗಿಲ್ಲ!

ಅಮ್ಮ ರಂಗಕ್ಕೆ ಬರುವ ದೃಶ್ಯ ಕೊಟ್ಟೆ. ಮಲಗಿಬಿಟ್ಟಿತು.

ವ್ಯತ್ಯಾಸ ಏನು? ಸಮುದ್ರ ಇರುವುದು ಒಳಗಿನ ಡಿಸ್ಕಿನಲ್ಲಿ. ಅಮ್ಮ ಇರುವುದು ಹೊರಗಿನ ಡಿಸ್ಕಿನಲ್ಲಿ.

ಇಷ್ಟು ದಿನ ಕಾರ್ಡಿನ ಗ್ರಾಫನ್ನೇ ನೋಡುತ್ತಿದ್ದೆ. ಅದರ ಮೇಲಿನದನ್ನು ನೋಡಿಯೇ ಇರಲಿಲ್ಲ. ಡಿಸ್ಕ್ — ಶೇಕಡ ನೂರು. ಬಿಡುವಿಲ್ಲದೆ ದುಡಿಯುತ್ತಿದೆ, ಆದರೆ ಅದರಿಂದ ಬರುತ್ತಿರುವುದು ಹನಿ ಹನಿ. ಕಾರ್ಡು ಸೋಮಾರಿಯಲ್ಲ. ಅದಕ್ಕೆ ಏನೂ ತಲುಪುತ್ತಿಲ್ಲ. ಕಾಯುತ್ತಿದೆ.

ಕಿವಿ ಹತ್ತಿರ ಹಿಡಿದೆ. ಟಿಕ್... ಟಿಕ್ ಟಿಕ್... ಒಂದು ನಿಟ್ಟುಸಿರು... ಟಿಕ್.

ಕುವಾನ್-ಟಿಂಗ್‌ಗೆ ಫೋನ್ ಮಾಡಿ ಆ ಸದ್ದು ಕೇಳಿಸಿದೆ. ಅವನು ತಮಾಷೆ ಮಾಡಲಿಲ್ಲ.

"ಇನ್ನೊಂದು ಕಾಪಿ ಇದೆ ತಾನೆ?"

"ಇಲ್ಲ. ಕ್ಯಾಮೆರಾ ಬಾಡಿಗೇದು, ಮೆಮೊರಿ ಕಾರ್ಡ್ ಸಮೇತ ವಾಪಸ್ ಕೊಟ್ಟೆ. ಅವರು ಅಳಿಸಿ ಬೇರೆಯವರಿಗೆ ಕೊಟ್ಟಾಗಿದೆ."

"ಆ-ಯುನ್, ಕೇಳು. ಈಗ್ಲೇ ಎಕ್ಸ್‌ಪೋರ್ಟ್ ನಿಲ್ಸು. ಮತ್ತೆ ಕೊಡ್ಬೇಡ. ನೀನು ಪ್ರತಿ ಸಲ ಕೊಟ್ಟಾಗ್ಲೂ ಅದು ಇಡೀ ನಾಟಕ ಓದ್ಬೇಕು. ಸಾಯ್ತಿರೋ ಡಿಸ್ಕು."

ಎಷ್ಟು ಸಲ ಕೊಟ್ಟೆ? ಎಣಿಸಲು ಹೋಗುವುದಿಲ್ಲ.

ವಯರು ಕಿತ್ತೆ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಮೇಜಿನ ಮಧ್ಯಕ್ಕೆ ಇಟ್ಟಿದ್ದೇನೆ.

ನವೆಂಬರ್ 11, ಮಂಗಳವಾರ. ಬೆಳಿಗ್ಗೆ

ಎರಡು ದಾರಿ. ತೈಪೆಯಲ್ಲಿ ಇಂಥ ಡಿಸ್ಕ್ ಬಿಚ್ಚಿ ಒಳಗಿನದನ್ನು ತೆಗೆದುಕೊಡುವವರಿದ್ದಾರೆ. ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಶನಿವಾರವೂ ಹೋಗಿ, ಆಪರೇಷನ್ನೂ ಕಳೆದಿರುತ್ತದೆ. ಇಲ್ಲವೇ ನಾವೇ ಪ್ರತಿ ಮಾಡುವುದು. ಅದಕ್ಕೊಂದು ಪ್ರೋಗ್ರಾಂ ಇದೆಯಂತೆ, ಸುಲಭಕ್ಕೆ ಸಿಗುವ ಭಾಗ ಮೊದಲು ತೆಗೆದುಕೊಂಡು ಕಷ್ಟದ್ದನ್ನು ಕೊನೆಗೆ ಬಿಡುತ್ತದೆ. ಆದರೆ ನಡುವೆ ಡಿಸ್ಕು ಪೂರ್ತಿ ಕೈಕೊಟ್ಟರೆ ತೈಪೆಯವರಿಗೂ ಏನೂ ಉಳಿಯದಿರಬಹುದು.

ತ್ಸಾಯ್ ಅತ್ತೆ ಫೋನ್ ಮಾಡಿದರು. ಅಮ್ಮನ ನಾಟಕ ಮಂಡಳಿ ನಡೆಸುವವರು. ನಾಟಕದಲ್ಲಿ ಅಮ್ಮನ ಹೆಂಡತಿಯಾಗಿ ಎಷ್ಟು ಸಲ ಅತ್ತಿದ್ದಾರೋ. "ಕುರ್ಚಿ ಸಾಲಲ್ಲ ಕಣೇ, ಸುಆವೋ ಕಡೆಯಿಂದ್ಲೂ ಬರ್ತಾರಂತೆ. ಫಿಲಂ ರೆಡಿನಾ?"

"ಆಗ್ತಾ ಇದೆ ಅತ್ತೆ."

ಸುಳ್ಳು ಹೇಳಿ ಫೋನ್ ಇಟ್ಟೆ.

ಅದೇ ದಿನ, ಮಧ್ಯಾಹ್ನ

ಅಮ್ಮನಿಗೆ ಹೇಳಿಬಿಟ್ಟೆ. ಅವಳ ವಸ್ತು, ಅವಳೇ ತೀರ್ಮಾನಿಸಲಿ ಅನ್ನಿಸಿತು. ಅವಳು ಟಿವಿ ಆರಿಸಿ ಕೇಳಿದಳು. ಟವೆಲ್ ಬಿಡಿಸಿ ಡಿಸ್ಕನ್ನು ಅಂಗೈಯಲ್ಲಿ ಇಟ್ಟುಕೊಂಡಳು.

"ಇಷ್ಟೇನಾ? ಇದ್ರೊಳಗಾ ನಾನಿರೋದು?"

"ಹೂಂ."

"ಇದಕ್ಕೂ ಗಂಟ್ಲು ಕೆಟ್ಟಿದೆ ಅನ್ನು."

ನನಗೆ ಅಳು ಬಂತು. ಅವಳು ನೋಡಿಯೂ ನೋಡದಂತೆ, "ತೈಪೆಗೆ ಕಳ್ಸಿದ್ರೆ ಪೂರ್ತಿ ಸಿಗುತ್ತಾ?" ಅಂದಳು.

"ಸಿಗಬಹುದು. ಗ್ಯಾರಂಟಿ ಇಲ್ಲ. ಸಿಕ್ಕೋ ಹೊತ್ತಿಗೆ ನಿನ್ನ ಆಪರೇಷನ್ ಆಗಿರುತ್ತೆ."

"ಮನೇಲಿ ಮಾಡಿದ್ರೆ?"

"ಇದ್ದಷ್ಟು ಸಿಗುತ್ತೆ. ಹೋದ್ರೆ ಹೋಯ್ತು."

ಡಿಸ್ಕನ್ನು ಮತ್ತೆ ಟವೆಲಿನಲ್ಲಿ ಸುತ್ತಿದಳು. ಆಮೇಲೆ ಇದ್ದಕ್ಕಿದ್ದಂತೆ ಹಾಡಲು ನೋಡಿದಳು. ಮೂರನೇ ಅಂಕದ ಅಳುವ ಹಾಡು, ಯುದ್ಧದಿಂದ ಮರಳಿದ ಸೇನಾಪತಿ ಕುರುಡಿ ತಾಯಿಯ ಮುಂದೆ ನಿಂತು ಹಾಡುವುದು. ಮೊದಲ ಸಾಲು ಎತ್ತಿದಳು. ಎರಡನೆಯ ಪದಕ್ಕೆ ಬರೀ ಗಾಳಿ. ಇನ್ನೊಮ್ಮೆ. ಗಾಳಿ.

"ಹಾಕು" ಅಂದಳು. "ಮನೇಲೇ ಮಾಡು. ನನ್ನ ಧ್ವನಿ ನಾನು ಧ್ವನಿ ಇರೋವಾಗ ಕೇಳ್ಬೇಕು. ಮಿಕ್ಕಿದ್ದು ನೀನು ಆಮೇಲೆ ಹುಡುಕ್ಕೋ."

ನವೆಂಬರ್ 13, ಗುರುವಾರ

ಮೊನ್ನೆಯಿಂದ ಬರೆಯಲಿಲ್ಲ. ಬರೆಯಲು ಏನಿತ್ತು? ಡಿಸ್ಕನ್ನು ಕುವಾನ್-ಟಿಂಗ್‌ನ ಅಂಗಡಿಗೆ ತೆಗೆದುಕೊಂಡು ಹೋದೆವು, ಹಿಂದಿನ ಸೀಟಿನಲ್ಲಿ ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು, ಪ್ರತಿ ಗುಂಡಿಗೂ ನನ್ನ ಡ್ರೈವಿಂಗ್ ಬೈಯುತ್ತ. ಅಂಗಡಿಯಲ್ಲಿ ಹಸಿರು ಪಟ್ಟಿ ಬೆಳೆಯುವುದನ್ನು ನೋಡುತ್ತ ಕೂತೆ. ಓದಿದ್ದು ಹಸಿರು, ಓದಲಾಗದ್ದು ಕೆಂಪು. ಮೊದಲ ಅಂಕ ಬಂತು. ಎರಡನೆಯದು ಬಂತು. ಕೆಂಪು ಅಲ್ಲಲ್ಲಿ ಸಾಸಿವೆ ಕಾಳಿನ ಹಾಗೆ.

ಮೂರನೇ ಅಂಕದಲ್ಲಿ ಕೆಂಪು ಒಟ್ಟುಗೂಡಿತು. ಡಿಸ್ಕು ಒಮ್ಮೆ ಕರಕರ ಅಂದಿತು. ಕುವಾನ್-ಟಿಂಗ್ ತಿನ್ನುತ್ತಿದ್ದ ಬನ್ ಹಾಗೇ ಹಿಡಿದುಕೊಂಡು ನಿಂತ. ಆಮೇಲೆ ಮತ್ತೆ ಹಸಿರು. ಕೊನೆಯವರೆಗೂ.

ಇಡೀ ನಾಟಕ ಬಂತು. ಅಳುವ ಹಾಡೊಂದು ಬಿಟ್ಟು. ಚಿತ್ರವೂ ಇಲ್ಲ, ಧ್ವನಿಯೂ ಇಲ್ಲ. ಅಮ್ಮನ ಕಾಲರಿನ ಮೈಕಿನ ಧ್ವನಿ ಆ ಬಾಡಿಗೆ ಕ್ಯಾಮೆರಾದಲ್ಲಿ ಮಾತ್ರ ಇತ್ತು.

"ಇನ್ನೊಂದ್ಸಲ ಓದಿಸೋಣ್ವಾ?" ಅಂದೆ.

"ಸಾಯುತ್ತೆ ಆ-ಯುನ್. ಅದನ್ನ ಹೀಗೇ ತೈಪೆಗೆ ಕಳ್ಸು. ಬಂದ್ರೂ ಬರ್ಬಹುದು." ಆಮೇಲೆ ಮೆಲ್ಲಗೆ, "ನನ್ನ ಕ್ಯಾಮೆರಾದ್ದು ಇದೆಯಲ್ಲ" ಅಂದ.

ನವೆಂಬರ್ 14, ಶುಕ್ರವಾರ

ಅವನ ಕ್ಯಾಮೆರಾದ್ದು ಹಿಂದಿನ ಬೆಂಚಿನದು. ಅಮ್ಮ ಹೆಬ್ಬೆರಳಷ್ಟು ಕಾಣುತ್ತಾಳೆ. ಧ್ವನಿ ದೂರದಿಂದ, ಜನರೇಟರ್ ಸದ್ದಿನ ಆಚೆಯಿಂದ ಬರುತ್ತದೆ. ಯಾರದೋ ಮಗು ಅಳುತ್ತದೆ. ಇವನು ಸಾಸೇಜ್ ಮೆಲ್ಲುವುದು ಅದೆಲ್ಲಕ್ಕಿಂತ ಸ್ಪಷ್ಟ. ಎಡಿಟ್ ಮಾಡುವಾಗ ಇದನ್ನು ಪೂರ್ತಿ ಪಕ್ಕಕ್ಕಿಟ್ಟಿದ್ದೆ. ಈಗ ಖಾಲಿ ಜಾಗದಲ್ಲಿ ಅದನ್ನೇ ಕೂರಿಸಿದೆ. ಮೆಲ್ಲುವ ಸದ್ದು ಆದಷ್ಟು ಇಳಿಸಿದೆ.

ಎಲ್ಲವನ್ನೂ ಒಳಗಿನ ಡಿಸ್ಕಿಗೆ ಹಾಕಿಕೊಂಡು ಎಕ್ಸ್‌ಪೋರ್ಟ್ ಕೊಟ್ಟೆ. ಕಾರ್ಡು — ಶೇಕಡ ಎಂಬತ್ತೈದು. ಪೆಟ್ಟಿಗೆ ಬೆಚ್ಚಗಾಯಿತು. ಈರುಳ್ಳಿ ರೊಟ್ಟಿ ತರಲು ಹೋಗಿ ಬರುವಷ್ಟರಲ್ಲಿ ಮುಗಿದಿತ್ತು.

ಸಂತೋಷ ಆಗಬೇಕಿತ್ತು. ಆದರೆ ಅಮ್ಮ ಕಾಯುತ್ತಿರುವುದು ಆ ಹಾಡಿಗೆ.

ಹೇಳಲೇ? ಹೇಳಲಿಲ್ಲ. ನಾಳೆ ತಾನೇ ತಿಳಿಯುತ್ತದೆ.

ನವೆಂಬರ್ 15, ಶನಿವಾರ. ಸಂಜೆ

ಜನ ನಿಂತುಕೊಂಡು ನೋಡಿದರು. ಅಮ್ಮ ಮುಂದಿನ ಸಾಲಿನಲ್ಲಿ, ಮಗ್ಗುಲಲ್ಲಿ ತ್ಸಾಯ್ ಅತ್ತೆ. ಮೊದಲೆರಡು ಅಂಕವೂ ಬಿಟ್ಟೂ ಬಿಡದೆ ಬೈದಳು. "ನೋಡು, ಅಲ್ಲಿ ಕತ್ತಿ ಲೇಟಾಗಿ ತೆಗ್ದೆ." "ನಿನ್ನ ಸೆರಗು ಯಾಕೆ ಹಂಗೆ ಇಳಿದಿದೆ, ಮೀನು ಮಾರೋಕೆ ಹೊರಟ ಹಾಗೆ?" ತ್ಸಾಯ್ ಅತ್ತೆ ಬಿಡುತ್ತಾರೆಯೇ? "ಗಂಡ ಸರಿಯಿದ್ರೆ ಸೆರಗೂ ಸರಿಯಿರ್ತಿತ್ತು!" ಜನ ಪರದೆಗಿಂತ ಹೆಚ್ಚು ಅವರಿಬ್ಬರಿಗೆ ನಕ್ಕರು.

ಮೂರನೇ ಅಂಕ ಬಂತು. ಚಿತ್ರ ಇದ್ದಕ್ಕಿದ್ದಂತೆ ದೂರ ಹೋಯಿತು. ಧ್ವನಿಯೂ. ಜನರೇಟರ್. ಮಗುವಿನ ಅಳು. ಅದರಾಚೆ ಅಮ್ಮ, ಸಣ್ಣಗೆ. ಕೇಳಿಸಿಕೊಳ್ಳಲು ಎಲ್ಲರೂ ಮುಂದೆ ಬಾಗಬೇಕಾಯಿತು. ಅಮ್ಮ ತಿರುಗಿ ನನ್ನನ್ನು ಹುಡುಕಿದಳು. ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಅಮ್ಮ, ಇದೊಂದು ಸಿಗ್ಲಿಲ್ಲ, ಇದು ಕುವಾನ್-ಟಿಂಗ್ ಹಿಂದಿನಿಂದ —"

"ಷ್."

ಹಾಡು ಮುಗಿಯುವವರೆಗೂ ನನ್ನ ಮಣಿಕಟ್ಟು ಹಿಡಿದಿದ್ದಳು. ಮುಗಿದ ಮೇಲೆ ಕಿವಿಯ ಹತ್ತಿರ ಬಂದು, "ಹಿಂದಿನ ಬೆಂಚಿಗೆ ಹಿಂಗೆ ಕೇಳಿಸ್ತಿತ್ತಾ?" ಅಂದಳು.

"ಹೂಂ."

"ಒಂದಿನವೂ ಅಲ್ಲಿ ಕೂತು ನನ್ನ ಕೇಳಿಲ್ಲ ನೋಡು. ಹೇಗೆ ಕೂರೋದು, ನಾನಲ್ವಾ ಹಾಡ್ತಿದ್ದಿದ್ದು." ಮತ್ತೆ ಪರದೆಯ ಕಡೆ ತಿರುಗಿ, "ಚೆನ್ನಾಗೇ ತಲುಪ್ತಿತ್ತು" ಅಂದಳು.

ಅದಕ್ಕೆ ಬೈಗುಳ ಸೇರಿಸಲಿಲ್ಲ.

ನವೆಂಬರ್ 18, ಮಂಗಳವಾರ

ಅಮ್ಮನನ್ನು ಆಪರೇಷನ್ ಕೋಣೆಯೊಳಗೆ ಕರೆದುಕೊಂಡು ಹೋದರು. ಬಾಗಿಲವರೆಗೂ ನರ್ಸಿಗೆ ಕೂದಲು ಹೇಗೆ ಕಟ್ಟಿಕೊಳ್ಳಬೇಕೆಂದು ಹೇಳುತ್ತಿದ್ದಳು. ನನ್ನ ಕಡೆಗೆ ಕೈ ಮಾತ್ರ ಹೊದಿಕೆಯಿಂದ ಹೊರಗೆ ಬಂತು, ಒಳಗೆ ಹೋಯಿತು.

ನವೆಂಬರ್ 20, ಗುರುವಾರ. ಬೆಳಿಗ್ಗೆ, ಆಸ್ಪತ್ರೆ

ಎಚ್ಚರವಾಗಿದ್ದಾಳೆ. ಎಲ್ಲ ಅಂದುಕೊಂಡಂತೆ ಆಯಿತು ಅಂದರು ಡಾಕ್ಟರು. ಕುತ್ತಿಗೆಯಲ್ಲಿ ಕೊಳವೆ. ಬಾಯಿ ತೆರೆಯುತ್ತಾಳೆ, ಏನೂ ಬರುವುದಿಲ್ಲ, ಮುಚ್ಚುತ್ತಾಳೆ. ನೋಡಲಾಗದೆ ಕಿಟಕಿಯ ಹತ್ತಿರ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಬಿಳಿ ಹಲಗೆ, ಪೆನ್ನು ಕೊಟ್ಟರೆ ಪಕ್ಕಕ್ಕೆ ತಳ್ಳಿದಳು.

ಅದರ ಬದಲು ಮಂಚದ ಕಂಬಿ ತಟ್ಟುತ್ತಿದ್ದಾಳೆ, ಉಂಗುರದ ಬೆರಳಿನಿಂದ. ಒಂದು ಪೆಟ್ಟು — ತುಟಿ ಒರೆಸು. ಎರಡು — ನರ್ಸನ್ನು ಕರಿ. ನರ್ಸ್ ಆಗಲೇ ಕಲಿತುಬಿಟ್ಟಿದ್ದಾಳೆ. ಈಗ ಮೂರನೆಯದೊಂದು ಶುರುವಾಗಿದೆ. ನಾಟಕದಲ್ಲಿ ಸೈನ್ಯ ನುಗ್ಗುವಾಗ ಬಾರಿಸುವ ತಮಟೆಯಂತೆ, ತಡೆಯೇ ಇಲ್ಲ, ಜೋರಾಗುತ್ತಲೇ ಇದೆ. ಪಕ್ಕದ ಮಂಚದವರು ನಗುತ್ತಿದ್ದಾರೆ. ತಿರುಗಿ ನೋಡಿದೆ. ನನ್ನನ್ನೇ ದಿಟ್ಟಿಸುತ್ತಿದ್ದಾಳೆ, ಹುಬ್ಬು ಏರಿದೆ. ಬೈಗುಳ. ಖಂಡಿತ ಬೈಗುಳವೇ. ಬರೆಯುವುದು ಸಾಕು, ಬಾ ಇಲ್ಲಿ ಅಂತ ಇರಬೇಕು. ಬಂದೆ ಅಮ್ಮ, ಬಂದೆ, ಇದೊಂದು ಸಾಲು ಮು