ನಲವತ್ತೊಂದನೇ ಸಂಖ್ಯೆ

ಅಕ್ಕನ ಮನೆಯಿಂದ
ಮಾರ್ಚ್ ೧೪, ಶನಿವಾರ

ಇವರಿಗೆ,

ಪ್ರೀತಿಯ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಕ್ಷೇಮ ಕೇಳುವ ಮನಸ್ಸೂ ಇಲ್ಲ. ಈ ವಾರ ಅಕ್ಕನಿಗೆ ಮೂರು ಸಲ ಫೋನ್ ಮಾಡಿ, "ಅವಳನ್ನ ಒಬ್ಬಳನ್ನೇ ಹೊರಗೆ ಬಿಡಬೇಡಿ, ದಾರಿ ತಪ್ಪಿಸ್ಕೊಂಡಾಳು" ಅಂದಿರಂತೆ. ನಿನ್ನೆ ಎರಡು ಬಸ್ಸು ಬದಲಾಯಿಸಿ ಒಬ್ಬಳೇ ಹೋಗಿ ಬಂದೆ. ದಾರಿ ತಪ್ಪಲಿಲ್ಲ. ಚಿಲ್ಲರೆ ಕಡಿಮೆ ಕೊಟ್ಟ ಕಂಡಕ್ಟರನ ಹತ್ತಿರ ಜಗಳವಾಡಿ ವಸೂಲಿ ಮಾಡಿಕೊಂಡೂ ಬಂದೆ.

ನಾನು ಫೋನಿಗೆ ಬರದಿರುವುದಕ್ಕೆ ಸಿಟ್ಟೊಂದೇ ಕಾರಣವಲ್ಲ. ನಾನು ವಾಕ್ಯ ಶುರು ಮಾಡಿದರೆ ನೀವು ಮುಗಿಸುತ್ತೀರಿ. ಕಾಗದದಲ್ಲಿ ನಿಮಗೆ ಆ ಅನುಕೂಲವಿಲ್ಲ. ಕೊನೆಯವರೆಗೂ ಓದಿ. ಬಾಗಿಲು ಹಾಕಿಕೊಂಡು, ಕೂತು ಓದಿ.

ಎರಡು ವರ್ಷದ ಹಿಂದೆ ನಿಮ್ಮ ಸಂಶೋಧನಾ ಕೇಂದ್ರದಿಂದ ಎರಡು ಟ್ಯಾಬ್ ತಂದಿರಿ. ಮರೆವಿನ ಕಾಯಿಲೆಯವರನ್ನು ಹೋಲಿಸಿ ನೋಡುವುದಕ್ಕೆ ಐವತ್ತು ದಾಟಿದ ಆರೋಗ್ಯವಂತರು ಸಾಲುತ್ತಿಲ್ಲ, ನಾವಿಬ್ಬರೂ ಸೇರಿಕೊಳ್ಳೋಣ ಅಂದಿರಿ. ನನ್ನ ಟ್ಯಾಬಿನ ಸಂಖ್ಯೆ ನಲವತ್ತೊಂದು, ನಿಮ್ಮದು ನಲವತ್ತೆರಡು. ಹದಿನೈದು ದಿನಕ್ಕೊಂದು ಭಾನುವಾರ ಬೆಳಿಗ್ಗೆ ನಾನು ಮಲಗುವ ಕೋಣೆಯಲ್ಲಿ, ನೀವು ಊಟದ ಮೇಜಿನ ಮುಂದೆ. ಪರದೆಯ ಮೇಲೆ ಬಂದು ಹೋಗುವ ಹತ್ತು ಪದಗಳನ್ನು ನೆನಪಿಟ್ಟುಕೊಳ್ಳಬೇಕು. ಚೆಲ್ಲಾಪಿಲ್ಲಿಯಾಗಿರುವ ಅಂಕಿಗಳನ್ನು ಕ್ರಮವಾಗಿ ಬೆರಳಿನಿಂದ ಜೋಡಿಸಬೇಕು. ಕೊನೆಗೆ ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ನೆನಪಾಗುತ್ತದೋ ಅಷ್ಟನ್ನು ಬಾಯಿಬಿಟ್ಟು ಹೇಳಬೇಕು. ಫಲಿತಾಂಶ ಯಾರಿಗೂ ಹೇಳುವುದಿಲ್ಲ, ಅಲ್ಲಿ ಹೆಸರುಗಳೇ ಇಲ್ಲ, ಬರೀ ಸಂಖ್ಯೆ ಎಂದು ನೀವೇ ಹೇಳಿದ್ದಿರಿ. ನಾನು ನಂಬಿದೆ. ಗಂಡನನ್ನು ನಂಬುವುದಕ್ಕೆ ಯಾರೂ ಸಹಿ ಹಾಕಿಸಿಕೊಳ್ಳುವುದಿಲ್ಲವಲ್ಲ.

ಆಮೇಲೆ ನಿಮ್ಮ ನಡವಳಿಕೆ ಬದಲಾಯಿತು. ಮೊದಮೊದಲು ನನಗೆ ಅರ್ಥವಾಗಲಿಲ್ಲ. ನಾನು ಅಡುಗೆಮನೆಯಿಂದ ಬಂದರೆ ನೀವು ಹೋಗಿ ಒಲೆ ಆರಿಸಿದ್ದೇನೆಯೋ ಇಲ್ಲವೋ ನೋಡಿ ಬರುತ್ತಿದ್ದಿರಿ. ಡಬ್ಬಿಗಳ ಮೇಲೆಲ್ಲ ಸಕ್ಕರೆ, ಉಪ್ಪು ಎಂದು ಚೀಟಿ ಅಂಟಿಸಿದಿರಿ. ನಿಮ್ಮ ಗೆಳೆಯರು ಊಟಕ್ಕೆ ಬಂದ ದಿನ ಎಲ್ಲರ ಮುಂದೆ, "ನಿನ್ನೆ ಸಂಜೆ ನಾವೆಲ್ಲಿಗೆ ಹೋಗಿದ್ವಿ, ಹೇಳು ನೋಡೋಣ" ಎಂದು ಮಗುವನ್ನು ಮಾತಾಡಿಸುವ ಹಾಗೆ ಕೇಳಿದಿರಿ. "ನೀವು ಜೊತೆಗೆ ಬಂದಿದ್ರೆ ತಾನೇ ಗೊತ್ತಾಗೋದು" ಅಂದೆ. ಎಲ್ಲರೂ ನಕ್ಕರು. ನೀವು ನಗಲಿಲ್ಲ. ಮಗಳೂ ಫೋನಿನಲ್ಲಿ ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಹೇಳತೊಡಗಿದಳು. ಆ ಹುಡುಗಿಗೆ ಮಾತು ಕಲಿಸಿದವಳು ನಾನು!

ಇಷ್ಟನ್ನೂ ಹೇಗೋ ನುಂಗಿಕೊಂಡೇನು. ನುಂಗಲಾಗದ್ದು ನನ್ನ ಕೆಲಸದ ವಿಷಯ. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನಿಂತವಳು ನಾನು. ಡಾಕ್ಟರುಗಳ ಕೋಳಿ ಕೆದರಿದಂಥ ಅಕ್ಷರ ಓದಿ, ಅವರೇ ತಪ್ಪಾಗಿ ಬರೆದ ಪ್ರಮಾಣ ಹಿಡಿದು ವಾಪಸು ಕಳಿಸಿದವಳು. ಆಗಸ್ಟಿನಲ್ಲಿ ನಮ್ಮ ಮುಖ್ಯಸ್ಥರು ಒಳಗೆ ಕರೆದರು. ನನ್ನ ಮುಖ ನೋಡದೆ, "ನಿಮ್ಮ ಯಜಮಾನ್ರು ಫೋನ್ ಮಾಡಿದ್ರು. ತಪ್ಪು ತಿಳ್ಕೋಬೇಡಿ, ಸ್ವಲ್ಪ ದಿನ ಗೋದಾಮಿನಲ್ಲಿರಿ. ನಿಮ್ಮ ಒಳ್ಳೇದಕ್ಕೇ" ಅಂದರು. ಮಾರನೇ ದಿನದಿಂದ ನಾನು ಕಿಟಕಿಯಿಲ್ಲದ ಕೋಣೆಯಲ್ಲಿ ಸಲೈನ್ ಬಾಟಲಿಯ ಪೆಟ್ಟಿಗೆ ಎಣಿಸಿದೆ. ನನ್ನ ಕೈಕೆಳಗೆ ಕಲಿತವಳು ಬಂದು ನನ್ನ ಎಣಿಕೆಯನ್ನು ಇನ್ನೊಮ್ಮೆ ಎಣಿಸುತ್ತಿದ್ದಳು. ಪಾಪ, ಅವಳಿಗೂ ನಾಚಿಕೆ.

ಆ ಸಂಜೆ ನಿಮ್ಮನ್ನು ಹಿಡಿದು ಕೇಳಿದೆ. ನೀವು ತಪ್ಪು ಮಾಡಿದವರ ಹಾಗೆ ನಿಲ್ಲಲಿಲ್ಲ, ದೊಡ್ಡ ಮನಸ್ಸು ಮಾಡಿದವರ ಹಾಗೆ ನಿಂತಿರಿ. ಕಂಪ್ಯೂಟರ್ ತೆರೆದು ಪರೀಕ್ಷೆಯ ಅಂಕಗಳ ಗೆರೆ ತೋರಿಸಿದಿರಿ. ನಲವತ್ತೊಂದರ ಗೆರೆ ಮೆಟ್ಟಿಲಿಳಿದ ಹಾಗೆ ಇಳಿದಿತ್ತು. "ಹನ್ನೊಂದು ತಿಂಗಳಿಂದ ನೋಡ್ತಿದ್ದೀನಿ. ನಿನಗೆ ಹೇಳಿ ಯಾಕೆ ಹೆದರಿಸೋದು ಅಂತ ಸುಮ್ಮನಿದ್ದೆ" ಅಂದಿರಿ. ಆಮೇಲೆ, ಕೇಳದಿದ್ದರೂ, ನಿಮ್ಮದನ್ನೂ ತೋರಿಸಿದಿರಿ. "ನಂದು ನೋಡು, ಒಂಚೂರೂ ಅಲುಗಾಡಿಲ್ಲ." ಆ ಹೆಮ್ಮೆಯ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ನೀವು ನನಗೆ ಕೊಟ್ಟ ಕಾಯಿಲೆ ಯಾವುದು ಗೊತ್ತೇ? ಭಯ. ಅಂದಿನಿಂದ ಬೀಗ ಹಾಕಿ ನಾಲ್ಕು ಸಲ ಎಳೆದು ನೋಡುವಂತಾದೆ. ಪಕ್ಕದ ಮನೆಯವರ ಹೆಸರು ಒಂದು ಗಳಿಗೆ ಹೊಳೆಯದಿದ್ದರೆ ಬೆವರುತ್ತಿದ್ದೆ. ಸ್ನಾನ ಮಾಡುತ್ತಾ ಔಷಧಿಗಳ ಹೆಸರನ್ನು ಅಕಾರಾದಿಯಾಗಿ ಒಪ್ಪಿಸುತ್ತಿದ್ದೆ. ನನ್ನ ತಲೆಯನ್ನು ನಾನೇ ಕಾವಲು ಕಾಯುತ್ತಾ ಐದು ತಿಂಗಳು ಬದುಕಿದೆ. ಒಂದು ದಿನ ಕೌಂಟರಿನ ಮುಂದೆ ಹಾದುಹೋಗುವಾಗ ಮುದುಕಿಯೊಬ್ಬಳು, "ನೀವ್ಯಾಕಮ್ಮ ಈಗ ಕೂರಲ್ಲ? ನೀವಾದ್ರೆ ಬಿಡಿಸಿ ಹೇಳ್ತಿದ್ರಿ" ಅಂದಳು. ಅವತ್ತೇ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಬಂದೆ. ನನಗೆ ಮರೆವು ಬರುವುದಾದರೆ ಬರಲಿ, ಅದನ್ನು ನೋಡುತ್ತಾ ಎದುರು ಕೂರುವವರು ನೀವಾಗಬಾರದು ಅನಿಸಿತು.

ಇಷ್ಟಾದರೂ ನಿಜ ತಿಳಿಯಬೇಕಿತ್ತು. ನಿಮಗೆ ಹೇಳದೆ ನಿಮ್ಮದೇ ಕೇಂದ್ರಕ್ಕೆ ಹೋಗಿ ಈ ಪರೀಕ್ಷೆಗಳನ್ನು ನಡೆಸುವ ಡಾಕ್ಟರಮ್ಮನನ್ನು ಕಂಡೆ. ಅವರು ಟ್ಯಾಬ್ ಮುಟ್ಟಲಿಲ್ಲ. ಪೆನ್ಸಿಲು, ಕಾಗದ, ಮರದ ತುಂಡುಗಳು. ಮೂರು ಗಂಟೆ ಪರೀಕ್ಷೆ. ಮಾರನೇ ದಿನ ತಲೆಯ ಸ್ಕ್ಯಾನ್. ಫಲಿತಾಂಶ ಇಟ್ಟುಕೊಂಡು ಮೊನ್ನೆ ಸೋಮವಾರ ಕರೆಸಿದರು. "ನಿಮ್ಮ ವಯಸ್ಸಿಗೆ ಇದು ಚೆನ್ನಾಗಿದೆ ಅಂದ್ರೆ ಕಡಿಮೆ ಹೇಳಿದ ಹಾಗೆ. ನಂಗಿಂತ ಚುರುಕಾಗಿದ್ದೀರಿ. ನಿಮಗ್ಯಾರು ಮರೆವು ಅಂದಿದ್ದು?" ಎಂದು ಕೇಳಿದರು. ಹೇಳಿದೆ. ಅವರ ಮುಖ ಗಂಟಿಕ್ಕಿತು. ನಲವತ್ತೊಂದು ಯಾರು ಎಂಬುದು ಅವರಿಗೇ ಗೊತ್ತಿರಬಾರದಂತೆ, ಕೇಂದ್ರದ ಅಂಕಿಅಂಶ ನೋಡಿಕೊಳ್ಳುವ ನೀವು ಹುಡುಕಿ ನೋಡುವುದಂತೂ ದೊಡ್ಡ ತಪ್ಪಂತೆ. ಅದನ್ನು ಆಮೇಲೆ ನೋಡೋಣ ಎಂದು ನಲವತ್ತೊಂದರ ಕಡತ ತೆರೆದರು. ಗೆರೆ ಇಳಿದದ್ದು ನಿಜವೇ ಆಗಿತ್ತು. ಅವರಿಗೂ ತಲೆಬುಡ ತಿಳಿಯಲಿಲ್ಲ. ಕೊನೆಗೆ ಪ್ರಾಣಿಗಳ ಹೆಸರು ಹೇಳುವ ಧ್ವನಿಯನ್ನು ಹಾಕಿದರು. ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಪದ ಎಣಿಸುವುದು ಯಂತ್ರ, ಗೆರೆ ನೋಡುವುದು ನೀವು.

ಅದು ಗಂಡಸಿನ ಧ್ವನಿ.

ಉಸಿರು ಬಿಗಿ ಹಿಡಿಯಿರಿ ಎಂದು ಹೇಳುವುದಿಲ್ಲ. ನನಗೆ ಯಾರೂ ಹೇಳಲಿಲ್ಲ. ಅದು ನಿಮ್ಮ ಧ್ವನಿ. ಮೊದಲ ಎರಡು ಪರೀಕ್ಷೆಗಳಲ್ಲಿ ನಾನಿದ್ದೇನೆ, ಮೂರನೆಯದರಿಂದ ಆಚೆಗೆಲ್ಲ ನೀವು. ಆಗ ಜ್ಞಾಪಕ ಬಂತು. ಎರಡನೇ ಪರೀಕ್ಷೆಯಾದ ಮೇಲೆ, ಟ್ಯಾಬುಗಳ ಹೊದಿಕೆ ಕೊಳೆಯಾಗಿದೆಯೆಂದು ನಾನು ಬಿಚ್ಚಿ ಒರೆಸಿ ಹಾಕಿದ್ದೆ. ಎರಡೂ ಒಂದೇ ಬಣ್ಣ. ಸಂಖ್ಯೆಯ ಚೀಟಿಯನ್ನು ನೀವು ಹೊದಿಕೆಗೆ ಅಂಟಿಸಿದ್ದಿರೇ ಹೊರತು ಟ್ಯಾಬಿಗಲ್ಲ. ನಾನು ಅದಲು ಬದಲು ಹಾಕಿದೆ. ಅಷ್ಟೇ ನಡೆದದ್ದು. ಅಲುಗಾಡದ ಗೆರೆ ನನ್ನದು.

ಡಾಕ್ಟರಮ್ಮ ನಿಲ್ಲಿಸಲು ಹೋದರು. ನಾನೇ ಬೇಡವೆಂದೆ, ಎಲ್ಲವನ್ನೂ ಕೇಳಿದೆ. ಮೊದಲು ಒಂದು ನಿಮಿಷಕ್ಕೆ ಇಪ್ಪತ್ತು ಹೆಸರು ಹೇಳುತ್ತೀರಿ. ಬರಬರುತ್ತಾ ಹದಿನಾಲ್ಕು. ಆಮೇಲೆ ಒಂಬತ್ತು. ಕೊನೆಯದರಲ್ಲಿ, "ಹಸು. ನಾಯಿ. ಕುದುರೆ. ಆಮೇಲೆ... ಅದೇ, ಉದ್ದ ಕುತ್ತಿಗೆದು. ಹಸು. ಹಸು ಹೇಳಿದ್ನಾ?" ಎನ್ನುತ್ತೀರಿ. ಆಮೇಲೆ ಬಹಳ ಹೊತ್ತು ಬರೀ ಗಡಿಯಾರದ ಸದ್ದು. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ನಾನು ನಿಮ್ಮ ಬಾಯಲ್ಲಿ ಅಷ್ಟು ಮೆತ್ತಗಿನ ಧ್ವನಿ ಯಾವತ್ತೂ ಕೇಳಿರಲಿಲ್ಲ. ಆ ಧ್ವನಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಕಂಪ್ಯೂಟರ್ ಮುಂದೆ ನಿಂತು ಗೆರೆ ತೋರಿಸಿದವರ ಮೇಲೆ. ಇಬ್ಬರೂ ನೀವೇ ಎಂಬುದು ನನ್ನ ಕರ್ಮ.

ಇನ್ನು ಕೆಲಸದ ಮಾತು. ಬರುವ ಮಂಗಳವಾರ ಹತ್ತು ಗಂಟೆಗೆ ಡಾಕ್ಟರಮ್ಮ ಸಮಯ ಕೊಟ್ಟಿದ್ದಾರೆ. ಕಾರು ನೀವು ಓಡಿಸಬೇಡಿ. ಎಲ್ಲ ಮರೆವೂ ಒಂದೇ ಅಲ್ಲವಂತೆ. ಥೈರಾಯ್ಡ್ ಇರಬಹುದು, ವಿಟಮಿನ್ ಕೊರತೆ ಇರಬಹುದು, ಬೇರೇನೋ ಇರಬಹುದು, ಪರೀಕ್ಷೆ ಆಗದೆ ಏನೂ ಹೇಳಲಾಗದು ಅಂದರು. ನಾನು ನಿಮ್ಮ ಮೇಲಧಿಕಾರಿಗೆ ಫೋನ್ ಮಾಡಿಲ್ಲ. ಮಗಳಿಗೂ ಹೇಳಿಲ್ಲ. ನಿಮ್ಮ ತಲೆ, ನಿಮ್ಮ ಸುದ್ದಿ. ಯಾರಿಗೆ ಯಾವಾಗ ಹೇಳಬೇಕು ಎನ್ನುವುದನ್ನು ನೀವೇ ತೀರ್ಮಾನಿಸಿ. ನನಗೆ ಸಿಗದ ಮರ್ಯಾದೆ ನಿಮಗೆ ಸಿಗಲಿ.

ಆದರೆ ನಮ್ಮ ಮುಖ್ಯಸ್ಥರಿಗೆ ನೀವೇ ಬರೆದು ಕೊಡಬೇಕು, "ನಾನು ಹೇಳಿದ್ದು ತಪ್ಪು" ಎಂದು. ಮಾತಲ್ಲಿ ಬೇಡ, ಕಾಗದದಲ್ಲಿ, ಸಹಿ ಹಾಕಿ. ಏಪ್ರಿಲ್ ಒಂದಕ್ಕೆ ನಾನು ಕೌಂಟರಿನಲ್ಲಿರಬೇಕು.

ಮಂಗಳವಾರ ಕೇಂದ್ರದ ಬಾಗಿಲಲ್ಲಿ ನಿಂತಿರುತ್ತೇನೆ. ಅದನ್ನು ರಾಜಿ ಎಂದು ತಿಳಿಯಬೇಡಿ. ಸಂಜೆ ನಾನು ಅಕ್ಕನ ಮನೆಗೇ ವಾಪಸು ಬರುವವಳು. ಡಾಕ್ಟರು ಹೇಳಿದ್ದರಲ್ಲಿ ಅರ್ಧ ನಿಮಗೆ ಕೇಳಿಸುವುದಿಲ್ಲ, ಆ ಅರ್ಧವನ್ನು ಕೇಳಿಸಿಕೊಳ್ಳಲು ಯಾರಾದರೂ ಬೇಕು. ಅಷ್ಟಕ್ಕೆ ಮಾತ್ರ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ಮೊನ್ನೆ ಸೋಮವಾರ ಎಂದು ಮೇಲೆ ಬರೆದೆ. ಸುಳ್ಳು. ಡಾಕ್ಟರಮ್ಮ ಆ ಧ್ವನಿ ಕೇಳಿಸಿ ಇವತ್ತಿಗೆ ಮೂವತ್ಮೂರು ದಿನ. ಅವರು ಆ ಕ್ಷಣವೇ ನಿಮಗೆ ಫೋನ್ ಮಾಡಲು ಹೊರಟಿದ್ದರು. "ನಾನೇ ಹೇಳ್ತೀನಿ, ಮನೆಯವಳು ಹೇಳಿದ್ರೆ ವಾಸಿ" ಎಂದು ತಡೆದೆ. ನಾಳೆ ಹೇಳಿದರಾಯಿತು ಎಂದು ದಿನ ದೂಡಿದೆ. ನೀವು ಪ್ರತಿದಿನ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತೀರಿ ಎಂಬುದು ಗೊತ್ತಿದ್ದೂ ದೂಡಿದೆ. ನನ್ನ ಒಳ್ಳೆಯದಕ್ಕೆಂದು ನೀವು ಹನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದಿರಿ. ನನಗೆ ಅಂಥ ನೆಪವೂ ಇರಲಿಲ್ಲ. ನಿಮಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಸುಖ ಬೇಕಿತ್ತು, ಅದನ್ನು ಮೂವತ್ಮೂರು ದಿನ ಅನುಭವಿಸಿದೆ. ಡಾಕ್ಟರಮ್ಮ ನಿನ್ನೆ ಕರೆಸಿ ಕೇಳಿದಾಗ, ಹೇಳಿಯಾಯಿತು ಎಂದುಬಿಟ್ಟೆ. ಆಮೇಲೆ ಬಸ್ಸಿನಲ್ಲಿ ಕೂತು ನನಗೇ ಅಸಹ್ಯವಾಯಿತು. ಕ್ಷಮೆ ಕೇಳುತ್ತಿಲ್ಲ. ನೀವೂ ಕೇಳಲಿಲ್ಲವಲ್ಲ.