ಬೀರುವಿನಲ್ಲಿರುವ ಕ್ಯಾನುಲಾ ಮತ್ತು ಗಂಗಾಮಣಿಯ ಎಡಗೈ

ಆಸ್ಪತ್ರೆಯ ಉಗ್ರಾಣದ ಬೀಗದಕೈ ಇಟ್ಟುಕೊಂಡಿರುವ ಮಾನ್ಯರೇ,

ರಕ್ತನಾಳಕ್ಕೆ ಹಾಕುವ ಸೋಂಕು ನಿರೋಧಕ ಕ್ಯಾನುಲಾ ನಳಿಕೆಗಳನ್ನು ನೀವು ತರಿಸಿ ಏಳು ತಿಂಗಳಾಯಿತು. ತುಂಬ ಸಂತೋಷ. ಅವು ಇಂದಿಗೂ ಬೀರುವಿನಲ್ಲಿ ಕ್ಷೇಮವಾಗಿವೆ, ಒಂದಕ್ಕೂ ಸೋಂಕು ತಗಲಿಲ್ಲ. ತಗಲಿದ್ದು ನನ್ನ ಹೆಂಡತಿ ಗಂಗಾಮಣಿಗೆ.

"ತೀವ್ರ ನಿಗಾ ಘಟಕದ ರೋಗಿಗಳಿಗೆ ಮಾತ್ರ" ಎಂದು ನಿಮ್ಮ ಸುತ್ತೋಲೆ ಹೇಳುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಅಂಥ ಘಟಕವೇ ಇಲ್ಲವೆಂಬುದು ತಮ್ಮ ಗಮನಕ್ಕೆ ಬಂದಿಲ್ಲವೇ? ಇರುವುದು ಹನ್ನೆರಡು ಮಂಚ. ಕಳೆದ ಕಾಫಿ ಕೊಯ್ಲಿನಲ್ಲಿ ಗಂಗಾಮಣಿಗೆ ಎದೆಯ ಸೋಂಕಾದಾಗ ಅವೂ ಭರ್ತಿ. ಐದು ದಿನದ ಇಂಜೆಕ್ಷನ್ನಿಗೆಂದು ಬಲಗೈಗೆ ಮಾಮೂಲಿ ಕ್ಯಾನುಲಾ ಚುಚ್ಚಿ, ಅದನ್ನು ತೆಗೆಯದೆ, ಬೆಳಿಗ್ಗೆ ಸಂಜೆ ಬಂದು ಹೋಗಿ ಅಂದರು. ನರ್ಸ್ ಸೌಜನ್ಯಳನ್ನು ಒಳ್ಳೆಯದನ್ನೇ ಹಾಕಮ್ಮಾ ಎಂದು ಕೇಳಿದೆ. "ನಾನೇನ್ ಮಾಡ್ಲಿ ಅಣ್ಣ, ಬೀಗದಕೈ ಸಾಹೇಬ್ರತ್ರ ಐತೆ" ಅಂದಳು ಪಾಪ.

ಮೂರನೇ ದಿನ ಜ್ವರ ಇಳಿಯಿತು. "ಹಣ್ಣೆಲ್ಲ ಉದುರ್ತಾ ಐತೆ ಕಣ್ರೀ, ಒಂದ್ ಕೈಲೇ ಕೊಯ್ತೀನಿ ಬುಡಿ" ಎಂದು ಇವಳು ಹೊರಟಳು. ಕಾಫಿ ಗಿಡದ ಇಬ್ಬನಿ ತಾಗಬಾರದೆಂದು ಸಸಿ ಬೆಳೆಸುವ ಪ್ಲಾಸ್ಟಿಕ್ ಕವರನ್ನು ಅವಳ ಕೈಗೆ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದವನು ನಾನೇ. ನಮ್ಮ ಎಸ್ಟೇಟಿನ ಲೈನ್ ಮನೆಗಳಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಒಳಗೆ ಬೆವರಿ ಪ್ಲಾಸ್ಟರ್ ತೊಯ್ದು ಹೋಗಿತ್ತು. ಮರುದಿನ ಮೊಣಕೈವರೆಗೂ ಬಾವು, ಮೈಯೆಲ್ಲ ನಡುಕ. ಸೋಂಕು ರಕ್ತಕ್ಕೆ ಇಳಿದಿದೆ ಎಂದು ಹಾಸನದ ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಹನ್ನೊಂದು ದಿನ ಅಲ್ಲಿದ್ದು ಜೀವ ಉಳಿಸಿಕೊಂಡು ಬಂದಳು. ಆದರೆ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಅವಳ ಜಡೆಯನ್ನು ಈಗ ನಾನೇ ಹೆಣೆಯುತ್ತೇನೆ, ಸೊಟ್ಟಗೆ.

ನನ್ನ ದೂರಿಗೆ ತಮ್ಮ ಕಚೇರಿ ಕೊಟ್ಟ ಉತ್ತರ ಒಂದೇ ಸಾಲು: "ರೋಗಿಯ ಅಜಾಗರೂಕತೆಯೇ ಕಾರಣ." ಭಲೇ! ಆ ಕವರು ಕಟ್ಟಿದ್ದು ನನ್ನ ತಪ್ಪೇ, ಒಪ್ಪುತ್ತೇನೆ. ಆದರೆ ನರದಲ್ಲಿ ನಳಿಕೆ ಬಿಟ್ಟು ಮನೆಗೆ ಕಳಿಸಿದ ಹೆಂಗಸು ಐದು ದಿನ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆಂದು ಯಾವ ಮನೆ ನೋಡಿ ತಿಳಿದುಕೊಂಡಿರಿ? ನೀರು ಹೊರುವವರು, ಪಾತ್ರೆ ತೊಳೆಯುವವರು, ಸಗಣಿ ಬಾಚುವವರು ತಮ್ಮ ಲೆಕ್ಕದಲ್ಲಿ ರೋಗಿಗಳೇ ಅಲ್ಲವೇ? ಸೋಂಕು ತಡೆಯುವ ಕ್ಯಾನುಲಾ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇಂಥ ಕೈಗಳಿಗೆ. ಅದೊಂದರಿಂದಲೇ ಎಲ್ಲ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಕೈ ಹೇಗೆ ಒಣಗಿಟ್ಟುಕೊಳ್ಳಬೇಕೆಂದು ಯಾರಾದರೂ ಎರಡು ಮಾತು ಹೇಳಿದ್ದರೂ ನಾನು ಆ ಕವರು ಕಟ್ಟುತ್ತಿರಲಿಲ್ಲ.

ಈಗ ಎದೆಯ ಸೋಂಕು ಮರುಕಳಿಸಿದೆ. ಸೋಮವಾರದಿಂದ ಮತ್ತೆ ಐದು ದಿನದ ಇಂಜೆಕ್ಷನ್. ಬಲಗೈಯಲ್ಲಿ ನರ ಸಿಗುವುದಿಲ್ಲ, ಎಡಗೈಗೇ ಹಾಕಬೇಕು. ನಿನ್ನೆ ಗಂಗಾಮಣಿ ಒಂದೇ ಮಾತು ಕೇಳಿದಳು: "ಇದೂ ಹೋದ್ರೆ ಉಣ್ಣೋದ್ ಹೆಂಗ್ರೀ?"

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬೀರು ತೆರೆದಿರಬೇಕು. ತೆರೆಯದಿದ್ದರೆ ತಾವೇ ಬಂದು ಅವಳಿಗೆ ಉತ್ತರ ಕೊಡಿ.

ಇಂತಿ,
ಅವಳಿಗೆ ಮುಖ ತೋರಿಸಲಾಗದ ಗಂಡ,
ಸುರೇಂದ್ರ, ಎಸ್ಟೇಟ್ ರೈಟರ್ (ಗುಮಾಸ್ತ),
ಬಾಳ್ಳುಪೇಟೆ