ಆಳೆತ್ತರದ ಬೆಂಡೆ

ಸಿರುಗುಪ್ಪದಲ್ಲಿ ಗೊಬ್ಬರದಂಗಡಿ ಇಟ್ಟಿರುವ ಮೈದುನ ಪ್ರಭುಲಿಂಗನಿಗೆ, ಬಾದನಹಟ್ಟಿಯಿಂದ ನಿನ್ನ ಅತ್ತಿಗೆ ಬರೆಯುವುದು.

ಒಂದು ಎಕರೆ ಬೆಂಡೆ, ಒಂದು ಹಂಗಾಮು, ಬೀಜದ ಕಂಪನಿಯಲ್ಲಿ ನಾನು ಕಷ್ಟಪಟ್ಟು ಉಳಿಸಿಕೊಂಡಿದ್ದ ಹೆಸರು. ನಿನ್ನ ಉಪಕಾರಕ್ಕೆ ನನಗೆ ಬಿದ್ದ ಖರ್ಚು ಇಷ್ಟು. ಕ್ಷೇಮವೇ ಎಂದು ಕೇಳುವುದಿಲ್ಲ. ಅಂಗಡಿ ಚೆನ್ನಾಗಿ ನಡೆದಿರುವುದನ್ನು ಕಂಡೇ ಬಂದಿದ್ದೇನೆ.

ಮಗಳು ಅನಿತಾಳ ಹೆರಿಗೆಗೆಂದು ನಾನು ಬಳ್ಳಾರಿಗೆ ಹೊರಟಾಗ, ಹೊಲಕ್ಕೆ ನೀರು ಬಿಡುವುದಷ್ಟೇ ನಿನಗೆ ಒಪ್ಪಿಸಿದ ಕೆಲಸ. "ಗೊಬ್ಬರ ಹಾಕೀನಿ, ಮತ್ತ ಹಾಕಬ್ಯಾಡ" ಎಂದು ಬದುವಿನ ಮೇಲೆ ನಿಂತೇ ಹೇಳಿದ್ದೆ. "ಆತು ಬಿಡ್ರಿ ಅತ್ತಿಗಿ, ನನಗ ಬೆಳಿ ಮಾಡೋದು ಕಲಸ್ತೀರೇನು" ಎಂದು ನೀನು ನಕ್ಕಿದ್ದೆ. ಭತ್ತದ ಸೀಮೆಯಲ್ಲಿ ಅಂಗಡಿ ಇಟ್ಟವನು ನೀನು. ಎಲೆ ಕಡುಹಸಿರಾಗದಿದ್ದರೆ ನಿನ್ನ ಕಣ್ಣಿಗೆ ಅದು ಬೆಳೆಯೇ ಅಲ್ಲ. ಮೊಗ್ಗು ಕಟ್ಟುವ ಹೊತ್ತಿಗೆ ಸರಿಯಾಗಿ ಮೂರು ಚೀಲ ಯೂರಿಯಾ ಸುರಿಸಿದೆ.

ಗಿಡ ಆಳೆತ್ತರ ಬೆಳೆಯಿತು, ಮೊರದಗಲ ಎಲೆ ಬಿಟ್ಟಿತು, ಹೂವು ಬಿಡುವುದನ್ನೇ ಮರೆತಂತಿತ್ತು. ಸಂತೆಯ ಎಳೆಗಾಯಿಯಾಗಿದ್ದರೆ ಹೇಗೋ ನಡೆಯುತ್ತಿತ್ತು. ನನ್ನದು ಕಂಪನಿಗೆ ಬಿತ್ತನೆಗೆಂದು ಕೊಡುವ, ಗಿಡದಲ್ಲೇ ಒಣಗಿ ಬಾಯಿ ಬಿಡಬೇಕಾದ ಬೀಜದ ಕಾಯಿ. ತಡವಾಗಿ ಬಂದವು, ಕಡಿಮೆ ಬಂದವು, ಒಡೆದರೆ ಅರ್ಧ ಜೊಳ್ಳು. ಮೊಳಕೆ ಪರೀಕ್ಷೆಯಲ್ಲಿ ಬೀಜ ಫೇಲಾಯಿತು. "ಮುಂದಿನ ಸಲ ಬೀಜದ ಪ್ಲಾಟು ಬ್ಯಾರೇರಿಗೆ ಕೊಟ್ಟೀವಮ್ಮ" ಎಂದು ಕಂಪನಿಯವನು ಫೋನಿನಲ್ಲೇ ಮುಗಿಸಿದ.

"ಒಳ್ಳೇದಾಗ್ಲಿ ಅಂತ ಹಾಕೀನ್ರಿ" ಎಂದೆಯಲ್ಲ, ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನನ್ನ ಗಿಡದ ಪಕ್ಕ ಕೈಯೆತ್ತಿ ನಿಂತು ಫೋಟೊ ಹೊಡೆಸಿ, ಅದನ್ನೇ ಬ್ಯಾನರ್ ಮಾಡಿಸಿ ಅಂಗಡಿಯ ಮುಂದೆ ಕಟ್ಟಿಸಿದೆ. ಸೋಮವಾರ ನಾನು ಆ ಬ್ಯಾನರಿನ ಕೆಳಗೇ ನಿಂತು, ಯೂರಿಯಾ ಒಯ್ಯಲು ಬಂದಿದ್ದ ಕುರುಗೋಡಿನವರ ಅಂಗೈಯಲ್ಲಿ ಅದೇ ಗಿಡದ ಕಾಯಿ ಒಡೆದು ತೋರಿಸಿದೆ.

"ಇದರಾಗ ಬೀಜ ಎಲ್ಲೈತವ್ವಾ?" ಎಂದ ಒಬ್ಬ.

"ಮ್ಯಾಲೆ ಕೈಯೆತ್ತಿ ನಿಂತಾನಲ್ಲ, ಅವನ್ನ ಕೇಳಪಾ" ಎಂದೆ.

ನೀನು ಗಲ್ಲಾದ ಹಿಂದೆ, ರಿಂಗಾಗದ ಫೋನನ್ನು ಕಿವಿಗಿಟ್ಟುಕೊಂಡೆ. ಇಬ್ಬರು ಹೊತ್ತ ಚೀಲ ಅಲ್ಲೇ ಇಳಿಸಿ, ಬರಿಗೈಯಲ್ಲಿ ಹೋದರು.

ಇನ್ನು ನನ್ನ ಹೊಲಕ್ಕೆ ಕಾಲಿಡಬೇಡ. ಮೊಮ್ಮಗಳ ತೊಟ್ಟಿಲಿಗೆ ನಿನ್ನ ಹೆಂಡತಿ ಬರಲಿ, ಮಕ್ಕಳು ಬರಲಿ, ನೀನು ಬೇಡ. ಎಲ್ಲಿದ್ದೀಯೋ ಅಲ್ಲೇ ಚೆನ್ನಾಗಿರು.

ಈ ಬೆಳೆಯಿಂದ ಯಾರಿಗೆ ಏನು ಸಿಕ್ಕಿತೆಂಬ ಲೆಕ್ಕ ಇದು. ನಮ್ಮೂರ ತಿಪ್ಪೇಸ್ವಾಮಿಯ ಮೇಕೆಗಳಿಗೆ ವಾರದ ಬೆಂಡೆಸೊಪ್ಪು. ಕಂಪನಿಗೆ ಬೇರೊಬ್ಬ ರೈತ. ನಿನಗೆ ಒಂದು ಬ್ಯಾನರ್. ನನಗೆ ಒಂದು ಬೊಗಸೆ ಬೀಜ, ಅದರಲ್ಲಿ ಮೊಳೆಯುವುದೆಷ್ಟೋ.

ಜಡೆಮ್ಮ